ಪದಚರ್ಚೆ (ತುರ್ತು): ‘ಬಿಲೆಟ್’ ಮನೆಗೆ ಕನ್ನಡದಲ್ಲಿ ಏನೆನ್ನೋಣ?

ಶ್ರೀ.ನಾ., ವಿನ್ನಿಪೆಗ್

ನಮಸ್ಕಾರ. ನಾಳೆ ರಾತ್ರಿಯೊಳಗೆ ಒಂದು ಪದ ಬೇಕು. ಇಲ್ಲಿಯ ಕನ್ನಡ ಬಳಗದ ಯುಗಾದಿ ಸಂಚಿಕೆಗೆ ಫ್ಲಿನ್ ಫ್ಲಾನ್ ಊರಿನ ‘ಬಾಂಬರ್ಸ್’ ಎಂಬ ಜೂನಿಯರ್ ಐಸ್ ಹಾಕಿ ತಂಡದ ಚರಿತ್ರೆ ಬರೆಯುತ್ತಿದ್ದೇನೆ. ಲೇಖನದ ತಲೆಬರಹದಲ್ಲೂ ‘ಜೂನಿಯರ್ ಐಸ್ ಹಾಕಿ’ ಎಂದೇ ಇದೆ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಉತ್ತರದಲ್ಲಿ, ಪಕ್ಕದ ಸಸ್ಕಾಚೆವನ್ ಪ್ರಾಂತ್ಯದ ಗಡಿಯ ಮೇಲೇ ಕೂತಿರುವ ಗಣಿಯೂರು. ಜನ ಸುಮಾರು 5,000. ತಂಡ ಹುಟ್ಟಿದ್ದು 1927ರಲ್ಲಿ. ಆಡುವವರು 16ರಿಂದ 20ರ ಹುಡುಗರು, ಹೆಚ್ಚಿನವರು ಪರಊರಿನವರು. ಸೆಪ್ಟೆಂಬರಿನಿಂದ ಮಾರ್ಚಿನವರೆಗೆ ಊರಿನ ಯಾವುದಾದರೊಂದು ಮನೆಯಲ್ಲಿ ಇದ್ದು, ಉಂಡು, ಆಡುತ್ತಾರೆ. ಊಟದ ಖರ್ಚಿಗೆಂದು ತಂಡದವರು ತಿಂಗಳಿಗಿಷ್ಟು ಕೊಡುತ್ತಾರೆ. ಸಾಲುವುದಿಲ್ಲ, ಆ ಮಾತು ಬಿಡಿ. ನಾವು ಆ ಊರಿನಲ್ಲಿದ್ದಾಗ ಒಬ್ಬ ಗೋಲ್‌ಕೀಪರ್ ಹುಡುಗನನ್ನು ಎರಡು ಚಳಿಗಾಲ ಇಟ್ಟುಕೊಂಡಿದ್ದೆವು. ಬಿಸಿಬೇಳೆಬಾತ್ ಮಾಡಿದ ದಿನ ಕುಕ್ಕರಿನ ತಳ ಕೆರೆಯುತ್ತಿದ್ದ.

ಇಂಥ ಮನೆಗೆ ಇಲ್ಲಿ ‘ಬಿಲೆಟ್’ ಅನ್ನುತ್ತಾರೆ. ಕನ್ನಡದಲ್ಲಿ? ‘ಅತಿಥಿಗೃಹ’ ಬೇಡ. ‘ಸಾಕುಮನೆ’ ಎಂದರೆ ದತ್ತು ತೆಗೆದುಕೊಂಡ ಹಾಗಾಗುತ್ತದೆ.

ಗು.ರಾ., ಮೈಸೂರು

ಇದಕ್ಕೆ ಚರ್ಚೆ ಯಾಕೆ? ‘ವಾರಾನ್ನದ ಮನೆ’. ಓದಲು ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡೇ ಪಾಸಾದ. ನಮ್ಮ ತಂದೆ ಹಾಗೇ ಓದಿದವರು. ಪದ ಇದೆ, ಅದರ ಹಿಂದೆ ಬಾಳಿದ ಜನ ಇದ್ದಾರೆ. ಮುಗಿಯಿತು.

ತಿಳಿಗನ್ನಡಿಗ, ಶಿವಮೊಗ್ಗ

ಮುಗಿದಿಲ್ಲ. ‘ವಾರ’ವೂ ಸಕ್ಕದ (ಸಂಸ್ಕೃತ), ‘ಅನ್ನ’ವೂ ಸಕ್ಕದ. ‘ತಂಗುಮನೆ’ ಸಾಕು, ಬಿಡಿಸಿ ಹೇಳುವ ಕೆಲಸವೇ ಇಲ್ಲ. ಹಾಗೆಯೇ ತಲೆಬರಹದಲ್ಲಿ ‘ಜೂನಿಯರ್ ಐಸ್ ಹಾಕಿ’ ಎಂದು ಮೂರಕ್ಕೆ ಮೂರೂ ಎರವಲು ಇಟ್ಟಿದ್ದೀರಿ. ‘ಎಳೆಯರ ಮಂಜುಗಡ್ಡೆ ಕೋಲ್ಚೆಂಡಾಟ’ ಎಂದು ಬರೆದರೆ ಏನು ಕಳೆದುಹೋಗುತ್ತದೆ?

ಸು.ಪಾ., ಧಾರವಾಡ

ಮೈಸೂರಿನ ಸರ್, ವಾರಾನ್ನ ಯಾರಿಗೆ ಯಾರ ಮನ್ಯಾಗ ಸಿಗತಿತ್ತು ಅನ್ನೋದನ್ನೂ ಬರೀರಿ. ನಮ್ಮ ಅಪ್ಪಾರು ಮಠದ ಪ್ರಸಾದನಿಲಯದಾಗ ಉಂಡು ಓದಿದವರು. ವಾರಾನ್ನದ ಮನಿ ಬಾಗಲಾ ಅವರಿಗೆ ತೆರೀಲಿಲ್ಲ. ಅದೂ ಅಲ್ಲದ, ವಾರಾನ್ನ ದಿನಕ್ಕೊಂದು ಮನಿ. ಇದು ಒಂದ ಮನಿ, ಏಳು ತಿಂಗಳು. ಅರ್ಥಾನೂ ಕೂಡೂದಿಲ್ಲ. ‘ಬಿಡಾರ’ ಅನ್ರಿ.

ಶಿವಮೊಗ್ಗದವರಿಗೆ: ತಂಗುಮನೆ ಅಂದ್ರ ಬಸ್ ಕಾಯೋ ಜಾಗಾ ನೆನಪಾಗ್ತದ. ಮತ್ತ ಆ ಆಟದಾಗ ಚೆಂಡು ಎಲ್ಲೈತಿ?

ಕೆ.ವೆಂ., ಬೆಂಗಳೂರು

ಚೆಂಡಿಲ್ಲ, ಅವರು ಹೇಳಿದ್ದು ಸರಿ. ಅಲ್ಲಿ ಹೊಡೆಯುವುದು ‘ಪಕ್’: ಗಟ್ಟಿ ರಬ್ಬರಿನ ಚಪ್ಪಟೆ ದುಂಡು ತುಂಡು, ಅಡ್ಡಗಲ ಮೂರು ಇಂಚು, ದಪ್ಪ ಒಂದು ಇಂಚು. ಅದು ಬಿಲ್ಲೆ. ಕುಂಟೆಬಿಲ್ಲೆ ಆಡಿದವರಿಗೆ ಇದನ್ನು ಹೇಳಿಕೊಡಬೇಕೆ?

ಈಗ ನಿಜವಾದ ವಿಷಯ. ‘ಬಿಲೆಟ್’ ಎಂದರೆ ಮೊದಲಿಗೆ ಚೀಟಿ. ಇಂಥ ಮನೆಯಲ್ಲಿ ಇಳಿದುಕೋ ಎಂದು ಸಿಪಾಯಿಗೆ ಬರೆದುಕೊಡುತ್ತಿದ್ದ ಚೀಟಿ. ಅದರ ಹಿಂದಿರುವುದು ಲ್ಯಾಟಿನ್ನಿನ ‘ಬುಲ್ಲಾ’, ದುಂಡು ಮುದ್ರೆ. ನಮ್ಮ ಬಿಲ್ಲೆಯೂ ದುಂಡು, ಜವಾನನ ಎದೆಯ ಮೇಲಿನ ಬಿಲ್ಲೆಯೂ ಮುದ್ರೆಯೇ. ಎರಡರ ಬೇರೂ ಒಂದೇ ಎಂದು ಹತ್ತು ವರ್ಷದಿಂದ ಹೇಳುತ್ತಿದ್ದೇನೆ, ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ. ಆದ್ದರಿಂದ ‘ಬಿಲ್ಲೆಮನೆ’. ಅದು ಬೇಡವೆಂದರೆ ‘ಚೀಟಿಮನೆ’.

ಗು.ರಾ., ಮೈಸೂರು

ಕಿವಿಗೆ ಹಾಕಿಕೊಳ್ಳದಿರಲು ಕಾರಣವಿದೆ. ಸದ್ದು ಹೋಲಿದ ಮಾತ್ರಕ್ಕೆ ನೆಂಟಸ್ತಿಕೆ ಆಗುವುದಿಲ್ಲ. ‘ಚೀಟಿಮನೆ’ ಎಂದರೆ ಚೀಟಿ ದುಡ್ಡು ಎತ್ತಿಕೊಂಡು ಓಡಿಹೋದವನ ಮನೆ ಎಂದುಕೊಂಡಾರು.

ಧಾರವಾಡದ ತಾಯಿಯವರ ಮಾತು ಒಪ್ಪಿದೆ, ‘ವಾರಾನ್ನ’ ಹಿಂತೆಗೆದುಕೊಂಡೆ. ಆದರೆ ‘ಬಿಡಾರ’ ನಾಟಕ ಕಂಪನಿಯದು, ಇಂದು ಹೂಡಿ ನಾಳೆ ಕೀಳುವುದು. ‘ಬಿಡದಿ’ ಮದುವೆ ಮನೆಯವರದು, ಎರಡು ದಿನದ್ದು. ಜೊತೆಗೆ ಈಗ ಬಿಡದಿ ಎಂದರೆ ತಟ್ಟೆ ಇಡ್ಲಿ. ಅದೇ ‘ಬಿಡು’ವಿನಿಂದ ಬಂದ ‘ಬೀಡು’ ಇದೆಯಲ್ಲ. ಚಾಲುಕ್ಯರ ಶಾಸನಗಳಲ್ಲಿ ‘ಕಲ್ಯಾಣದ ನೆಲೆವೀಡಿನೊಳ್’ ಎಂದು ಬರುತ್ತದೆ. ‘ನೆಲೆವೀಡು’ ಎನ್ನಿ.

ಸು.ಪಾ., ಧಾರವಾಡ

ಹದಿನೇಳು ವರ್ಷದ ಹುಡುಗಗ ವಿಕ್ರಮಾದಿತ್ಯನ ನೆಲೆವೀಡು ಯಾಕ್ರೀ ಸರ್?

ಶ್ರೀ.ನಾ., ವಿನ್ನಿಪೆಗ್

ಪದ ಬರುವ ಜಾಗ ಹೇಳುತ್ತೇನೆ, ನೋಡಿ. 1957ರಲ್ಲಿ ಈ ತಂಡ ಒಟ್ಟಾವದವರನ್ನು ಏಳು ಪಂದ್ಯಗಳ ಫೈನಲ್ಲಿನಲ್ಲಿ 4–3ರಿಂದ ಸೋಲಿಸಿ ಮೆಮೋರಿಯಲ್ ಕಪ್ ಗೆದ್ದಿತು. ಕೆನಡಾದ ಜೂನಿಯರ್ ಹಾಕಿಯಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಮುಂದಿನ ಪೀಳಿಗೆಯ ಬಾಬಿ ಕ್ಲಾರ್ಕ್ ಊರಿನ ಹುಡುಗ, ಉಣ್ಣಲು ಸ್ವಂತ ಮನೆಯಿತ್ತು. ಜೊತೆಗಾರ ರೆಜಿ ಲೀಚ್ ದಕ್ಷಿಣದ ರಿವರ್ಟನ್ನಿನವನು. 1975ರಲ್ಲಿ ಇಬ್ಬರೂ ಫಿಲಡೆಲ್ಫಿಯಾ ತಂಡದ ಪರವಾಗಿ ವೃತ್ತಿಪರ ಹಾಕಿಯ ದೊಡ್ಡ ಬಹುಮಾನ ಸ್ಟ್ಯಾನ್ಲಿ ಕಪ್ ಎತ್ತಿದರು. 1978ರಲ್ಲಿ ಜೂನಿಯರ್ ಹಾಕಿಯ ಮೇಲಿನ ದರ್ಜೆಯಲ್ಲಿ ಆಡುತ್ತಿದ್ದ ಬಾಂಬರ್ಸ್ ತಂಡ ಎಡ್ಮಂಟನ್ ಊರಿಗೆ ಹೋಯಿತು. ಊರವರು ಹೆಸರು ಬಿಡದೆ ಕೆಳಗಿನ ದರ್ಜೆಯಲ್ಲಿ ಆಡಿಸಿದರು. 2010ರಲ್ಲಿ ತಾಮ್ರ ಕರಗಿಸುವ ಕುಲುಮೆ ಆರಿತು, 2022ರಲ್ಲಿ ‘777’ ಎಂಬ ಹೆಸರಿನ ಗಣಿಯೂ ಮುಚ್ಚಿತು. ತಂಡ ಇದೆ, ಹುಡುಗರನ್ನು ಇಟ್ಟುಕೊಳ್ಳುವ ಮನೆಗಳೂ ಇವೆ. ಅದಕ್ಕೇ ಈ ಪದ ನನಗೆ ಮುಖ್ಯ.

ಎರವಲಿನ ಮಾತಿಗೆ: ಈ ಊರಿನ ಹೆಸರೇ ಎರವಲು. ಅಗ್ಗದ ಕಾದಂಬರಿಯೊಂದರ ಪಾತ್ರದ ಹೆಸರನ್ನು ಮೊಟಕು ಮಾಡಿ ಇಟ್ಟದ್ದು.

ಜಾ., ಕೆಜಿಎಫ್

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಮ್ಮ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿಯವರೆಗೂ ಕನ್ನಡದವರು, ತಮಿಳರು, ತೆಲುಗರು ಎಲ್ಲರೂ ಗಣಿಗಿಳಿಯುವ ಬಾವಿಗೆ ‘ಶಾಫ್ಟ್’ ಎಂದೇ ಅಂದರು. ‘ಶಿಫ್ಟ್ ಮುಗಿಸಿ ಬಂದ’ ಅನ್ನದ ಮನೆ ಇರಲಿಲ್ಲ. ಯಾರ ನುಡಿಯೂ ಅದರಿಂದ ಸಾಯಲಿಲ್ಲ. ‘ಬಿಲೆಟ್ ಮನೆ’ ಎಂದು ಬರೆದು ಮಲಗಿ.

ತಿಳಿಗನ್ನಡಿಗ, ಶಿವಮೊಗ್ಗ

ಸಾಯಲಿಲ್ಲ, ಸೊರಗಿತು. ಬೇರೆಯವರ ಗಣಿಯಲ್ಲಿ ಬೇರೆಯವರ ಮಾತು ಹೊತ್ತದ್ದನ್ನು ಹೆಮ್ಮೆ ಎಂದು ಹೇಳಬೇಡಿ.

ಜಾ., ಕೆಜಿಎಫ್

ಹೊತ್ತದ್ದು ನಮ್ಮಪ್ಪ. ಕೂತು ಬರೆಯುವವರು ನೀವು. ಕೊಡಗಿಗೆ ಹೋಗಿ ‘ಹಾಕಿ’ಯನ್ನು ‘ಕೋಲ್ಚೆಂಡಾಟ’ ಅನ್ನಿ, ಅವರೇ ಉತ್ತರ ಕೊಡುತ್ತಾರೆ.

ಶ್ರೀ.ನಾ., ವಿನ್ನಿಪೆಗ್

ಅಚ್ಚಿಗೆ ಕಳಿಸಿದೆ. ಮೊದಲ ಸಲ ‘ಆಟಗಾರನನ್ನು ಇಟ್ಟುಕೊಂಡ ಮನೆ’ ಎಂದು ಬಿಡಿಸಿ, ಅಲ್ಲಿಂದ ಮುಂದೆ ‘ಬಿಲೆಟ್ ಮನೆ’. ತಲೆಬರಹ ಇದ್ದ ಹಾಗೇ ಇದೆ. ಪಕ್‌ಗೆ ‘ಬಿಲ್ಲೆ’ ಇಟ್ಟುಕೊಂಡೆ, ಚೆನ್ನಾಗಿ ಕೂತಿತು.

ಕೆ.ವೆಂ., ಬೆಂಗಳೂರು

ಬಿಲ್ಲೆ ಒಪ್ಪಿದ್ದಕ್ಕೆ ಸಂತೋಷ. ‘ಬುಲ್ಲಾ’ದ ವಿಷಯವಾಗಿ ಬೇರೆಯೇ ಒಂದು ಓಲೆ ಬರೆಯುತ್ತೇನೆ.

ಗು.ರಾ., ಮೈಸೂರು

ಬೇಡ.