ಸಹಾಯ ಬೇಕು: ಕಿವಿ ಮಂದ ಇರುವ ಅಮ್ಮನಿಗೆ ಬರೀ ಡ್ರಾಪ್ಸ್ ಹಾಕಿ ಪೊರೆ ಆಪರೇಷನ್ ಮಾಡಬಹುದಾ?

ನಾವು ಕಾಪುವಿನವರು. ಅಮ್ಮನಿಗೆ 72 ವರ್ಷ, ಬಲಗಣ್ಣಿಗೆ ಪೊರೆ ಬಂದಿದೆ. ಬರುವ ಬುಧವಾರ ಉಡುಪಿಯಲ್ಲಿ ಆಪರೇಷನ್. ಇಂಜೆಕ್ಷನ್ ಬೇಡ, ಮರಗಟ್ಟುವ ಡ್ರಾಪ್ಸ್ ಸಾಕು ಅಂದಿದ್ದಾರೆ ಡಾಕ್ಟ್ರು.

ಡ್ರಾಪ್ಸ್ ಬಗ್ಗೆ ನನಗೆ ಹೆದರಿಕೆ ಇಲ್ಲ. ಮೊನ್ನೆ ಕಣ್ಣಿನ ಪ್ರೆಶರ್ ನೋಡುವಾಗಲೂ ಹಾಕಿದ್ರು, ಬಾಟಲಿಯಲ್ಲಿ ಪ್ರೊಪರಕೇನ್ ಅಂತ ಇತ್ತು. ಒಮ್ಮೆ ಚುರ್ ಅಂತ ಉರಿದು, ಅರ್ಧ ನಿಮಿಷದಲ್ಲಿ "ಈ ಕಣ್ಣು ನನ್ನದೇ ಅಲ್ಲ ಅಂತ ಆಗ್ತಾ ಉಂಟು ಮಗಾ" ಅಂದ್ರು ಅಮ್ಮ.

ಸಮಸ್ಯೆ ಬೇರೆ. ಡ್ರಾಪ್ಸ್ ನೋವು ಮಾತ್ರ ತಡೆಯುವುದಂತೆ, ಕಣ್ಣು ಅಲ್ಲಾಡುವುದನ್ನಲ್ಲ. ಡಾಕ್ಟ್ರು ಹೇಳಿದ ಹಾಗೆ ಮೈಕ್ರೋಸ್ಕೋಪಿನ ಬೆಳಕನ್ನೇ ನೋಡ್ತಾ ಮಲಗಬೇಕು. ಅಮ್ಮ ಕೇಳುವುದು ಕಿವಿಯಿಂದಲ್ಲ, ನಮ್ಮ ತುಟಿ ನೋಡಿ! ಅಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್. ಮನೆಯಲ್ಲಿ ಟಾರ್ಚ್ ಹಿಡಿದು ಅಭ್ಯಾಸ ಮಾಡಿಸಿದೆ. ನಾನು ಬಾಯಿ ತೆರೆದ್ರೆ ಸಾಕು, ತಲೆ ತಿರುಗಿಸ್ತಾರೆ. ಡ್ರಾಪ್ಸ್ ಹಾಕಿಯೇ ಅಭ್ಯಾಸ ಮಾಡಿಸುವ ಅಂತ ಮೆಡಿಕಲ್‌ನಲ್ಲಿ ಕೇಳಿದ್ರೆ, ಅದನ್ನು ಮನೆಯಲ್ಲಿ ಬಳಸಿದ್ರೆ ಕಾರ್ನಿಯಾ ಹಾಳಾಗ್ತದೆ ಅಂತ ಬೈದು ಕಳಿಸಿದ್ರು. ಅದೂ ಸರಿಯೇ ಅನ್ನಿ.

ಆಸ್ಪತ್ರೆಯ ಕೌಂಟರಿನಲ್ಲಿ ಎರಡು ಸಲ ಕೇಳಿದೆ. "ಏನೂ ಆಗುದಿಲ್ಲ" ಅಷ್ಟೇ ಉತ್ತರ. ದೊಡ್ಡಮ್ಮನಿಗೆ ಹಿಂದೆ ಕಣ್ಣಿನ ಪಕ್ಕ ಇಂಜೆಕ್ಷನ್ ಕೊಟ್ಟಿದ್ರು, ಕಣ್ಣು ಅಲ್ಲಾಡಲಿಲ್ಲ, ಆದ್ರೆ ವಾರವಿಡೀ ಸುತ್ತ ಕಪ್ಪಾಗಿತ್ತು. ಹಾಗಾಗಿ ಅಮ್ಮನಿಗೆ ಅದು ಬೇಡವೇ ಬೇಡ.

ಕಿವಿ ಕೇಳದ ಹಿರಿಯರಿಗೆ ಡ್ರಾಪ್ಸ್‌ನಲ್ಲೇ ಮಾಡಿಸಿದವರು ಇದ್ದೀರಾ? ಒಳಗೆ ಸೂಚನೆ ಹೇಗೆ ಕೊಟ್ರು, ಕೈ ಒತ್ತಿಯಾ? ಅಥವಾ ಇಂಜೆಕ್ಷನ್ನೇ ಕೊಡಿ ಅಂತ ನಾವಾಗಿ ಡಾಕ್ಟ್ರ ಹತ್ರ ಕೇಳುವುದು ಒಳ್ಳೆಯದಾ?