ಸಹಾಯ ಬೇಕು: ನಮ್ಮೂರ ನೀರಿನ ಟೆಸ್ಟ್ ವರದಿ ನೋಡುವುದು ಹೇಗೆ?

ನಮಸ್ಕಾರ. ನಮ್ಮದು ಪಾವಗಡ ಕಡೆಯ ಸಣ್ಣ ಹಳ್ಳಿ. ಒಂದೇ ಬೋರ್‌ವೆಲ್, ಒಂದು ಟ್ಯಾಂಕ್, ಅರವತ್ತು ಮನೆ. ಕಿಟ್‌ನಲ್ಲಿ ನೋಡಿದಾಗ ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂ ಹತ್ತಿರ ಬಂತು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 1 ದಾಟಬಾರದು. ಬೇರೆ ನೀರೇ ಇಲ್ಲದಿದ್ದರೆ 1.5 ತನಕ, ಅಷ್ಟೇ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಜಾಸ್ತಿಯಾಗುತ್ತದೆ. ಇದನ್ನು ಮನೆ ಮನೆಗೆ ಹೋಗಿ ಹೇಳುತ್ತಿದ್ದೇನೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಂಡಾಗ ಹೊಟ್ಟೆ ಉರಿಯುತ್ತದೆ.

ಸ್ಯಾಂಪಲ್ ಲ್ಯಾಬಿಗೆ ಹೋಗಿ ಎರಡು ತಿಂಗಳಾಯಿತು. ವರದಿ ನಮ್ಮ ಕೈ ಸೇರಿಲ್ಲ. ಜಲ ಜೀವನ್ ಮಿಷನ್‌ನ ನೀರಿನ ಗುಣಮಟ್ಟದ ಪೋರ್ಟಲ್‌ನಲ್ಲಿ ನಮ್ಮ ಹಳ್ಳಿಯ ವರದಿ ತೆಗೆಯುವುದು ಹೇಗೆ? ಯಾರಾದರೂ ತೆಗೆದಿದ್ದರೆ ದಯವಿಟ್ಟು ತಿಳಿಸಿ. ಸಿಕ್ಕಿದರೆ ಟ್ಯಾಂಕಿನ ಗೋಡೆ ಮೇಲೆ ದೊಡ್ಡದಾಗಿ ಬರೆಸುತ್ತೇವೆ.