ಎತ್ತರದ ಮೋಡವೇ ಹೆಚ್ಚು ಮಳೆ ಸುರಿಸುತ್ತದೆಯೇ? ಉಪಗ್ರಹ ರೇಡಾರ್ ಕಂಡದ್ದೇನು?

ಪ್ರಶ್ನೆ: ಚಳ್ಳಕೆರೆ ಮೇಷ್ಟ್ರು

ಮಾನ್ಯರೇ, ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ನಮ್ಮ ಶಾಲೆಯ ಅಂಗಳದಿಂದ ಕಾಣುವ ಗುಡುಗಿನ ಮೋಡಗಳು ಗೋಪುರದಂತೆ ಬೆಳೆದು, ಕೆಲವೊಮ್ಮೆ ಆಲಿಕಲ್ಲನ್ನೂ ಸುರಿಸಿ, ಅರ್ಧ ಗಂಟೆಯಲ್ಲಿ ಕರಗಿಹೋಗುತ್ತವೆ. ಆಗುಂಬೆಯಲ್ಲಾದರೋ ಅಂಥ ಅಬ್ಬರವಿಲ್ಲದೆಯೇ ದಿನಗಟ್ಟಲೆ ಮಳೆ ಹೊಯ್ಯುತ್ತದೆ. ಇವೆರಡರಲ್ಲಿ ಉಪಗ್ರಹಗಳು ಯಾವುದನ್ನು ವಿಪರೀತ ಮಳೆ ಎಂದು ಗುರುತಿಸುತ್ತವೆ? ಇನ್ನೊಂದು ಸಂಶಯವೂ ಇದೆ. ನಮ್ಮ ಪಂಚಾಯಿತಿಯ ಮಳೆಮಾಪಕದಲ್ಲಿ ಭಾರಿ ಮಳೆ ದಾಖಲಾದ ದಿನವೇ ಉಪಗ್ರಹದ ನಕ್ಷೆಯಲ್ಲಿ ನಮ್ಮ ಹೋಬಳಿಗೆ ಅಲ್ಪ ಮಳೆಯನ್ನಷ್ಟೇ ತೋರಿಸಲಾಗಿತ್ತು. ಮಕ್ಕಳು ಕಾರಣ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ 1: ದಾವಣಗೆರೆಯ ಓದುಗ

ಮಕ್ಕಳ ಪ್ರಶ್ನೆ ಬಹಳ ಮುಖ್ಯವಾದದ್ದು. ಅಮೆರಿಕ ಮತ್ತು ಜಪಾನ್ ಸೇರಿ 1997ರ ನವೆಂಬರ್‌ನಲ್ಲಿ ಹಾರಿಸಿದ ಟಿ.ಆರ್.ಎಂ.ಎಂ. ಉಪಗ್ರಹದಲ್ಲಿ ಮಳೆಯನ್ನು ಅಳೆಯುವ ರೇಡಾರ್ ಮೊದಲ ಬಾರಿಗೆ ಬಾಹ್ಯಾಕಾಶ ಸೇರಿತು. ಮೋಡದ ಒಳಗನ್ನು 250 ಮೀಟರ್ ದಪ್ಪದ ಪದರಗಳಾಗಿ ನೋಡಬಲ್ಲ ಈ ಉಪಕರಣ 2015ರವರೆಗೆ ಕೆಲಸ ಮಾಡಿತು. 2014ರಲ್ಲಿ ಹಾರಿದ ಜಿ.ಪಿ.ಎಂ. ಉಪಗ್ರಹ ಅದರ ಉತ್ತರಾಧಿಕಾರಿ.

ಈ ದತ್ತಾಂಶದಿಂದ ತಿಳಿದುಬಂದ, ನನ್ನ ಮಟ್ಟಿಗೆ ಅತ್ಯಂತ ಮಹತ್ವದ ಸಂಗತಿಯೆಂದರೆ, ಅತಿ ಎತ್ತರಕ್ಕೆ ಬೆಳೆಯುವ ಬಿರುಸಿನ ಮೋಡಗಳೂ ನೆಲಕ್ಕೆ ಅತಿ ಹೆಚ್ಚು ನೀರು ಸುರಿಸುವ ಮೋಡಗಳೂ ಬಹುಪಾಲು ಬೇರೆ ಬೇರೆ ಎಂಬುದು. ಹಿಮಾಲಯದ ಪಶ್ಚಿಮ ತಪ್ಪಲು, ಅರ್ಜೆಂಟೀನಾ, ಮಧ್ಯ ಆಫ್ರಿಕಾಗಳಲ್ಲಿ ಎತ್ತರದ ಮೋಡಗಳು ಹೆಚ್ಚು. ನಮ್ಮ ಘಟ್ಟಗಳ ಪಶ್ಚಿಮ ಇಳಿಜಾರಿನಲ್ಲಿ ಮಾತ್ರ ಅರಬ್ಬಿ ಸಮುದ್ರದ ತೇವದ ಗಾಳಿ ಮೇಲೇರುತ್ತಿದ್ದಂತೆ, ನೀರು ಹೆಪ್ಪುಗಟ್ಟುವ ಸುಮಾರು 5 ಕಿ.ಮೀ. ಎತ್ತರಕ್ಕಿಂತ ಕೆಳಗೇ ಹನಿಗಳು ಒಂದನ್ನೊಂದು ಕೂಡಿಕೊಂಡು ದಪ್ಪವಾಗುತ್ತವೆ. ಹೀಗಾಗಿ ತಗ್ಗಾದ ಮೋಡಗಳಿಂದಲೇ ಅಲ್ಲಿ ದೊಡ್ಡ ಮಳೆ ಬರುತ್ತದೆ.

ಉತ್ತರ 2: ವೇದಾವತಿ ದಂಡೆ, ಹಿರಿಯೂರು

ಎರಡನೆಯ ಸಂಶಯಕ್ಕೆ ನಾನು ಉತ್ತರಿಸುತ್ತೇನೆ. ಉಪಗ್ರಹದ ರೇಡಾರ್ ಒಮ್ಮೆ ಹಾದುಹೋಗುವಾಗ ನೋಡುವುದು ಸುಮಾರು 245 ಕಿ.ಮೀ. ಅಗಲದ ಪಟ್ಟಿಯನ್ನು ಮಾತ್ರ. ಚಳ್ಳಕೆರೆಯ ಮೇಲೆ ಮಳೆ ಸುರಿಯುವ ಹೊತ್ತಿಗೆ ಅದು ಸಮುದ್ರದ ಮೇಲಿರಬಹುದು. ತಾವು ನೋಡಿದ್ದು ಅರ್ಧ ಗಂಟೆಗೊಮ್ಮೆ ಬರುವ ನಕ್ಷೆಯಾಗಿದ್ದರೆ, ಅದರಲ್ಲಿನ ಬಹುಪಾಲು ಅಂಕಿಗಳು ಇತರ ಉಪಗ್ರಹಗಳ ಮೈಕ್ರೋವೇವ್ ಮತ್ತು ಅವಕೆಂಪು ಮಾಪನಗಳಿಂದ ಅಂದಾಜು ಮಾಡಿದವು. ಅದರ ಒಂದೊಂದು ಚೌಕವೂ ಸುಮಾರು 11 ಕಿ.ಮೀ. ಅಗಲವಿರುವುದರಿಂದ, ಎರಡು ಹಳ್ಳಿಗಳ ಮೇಲೆ ಸುರಿದು ಮೂರನೆಯದನ್ನು ಬಿಟ್ಟುಹೋಗುವ ನಮ್ಮ ಮಳೆ ಸರಾಸರಿಯಲ್ಲಿ ತೆಳುವಾಗುತ್ತದೆ. ಘಟ್ಟದ ತಗ್ಗು ಮೋಡಗಳ ಮಳೆಯೂ ಅವಕೆಂಪು ಅಂದಾಜಿನಲ್ಲಿ ಕಡಿಮೆ ಕಾಣಿಸುತ್ತದೆ, ಏಕೆಂದರೆ ಆ ವಿಧಾನ ಮೋಡದ ತುದಿ ಎಷ್ಟು ತಣ್ಣಗಿದೆ ಎಂಬುದನ್ನು ಮಾತ್ರ ನೋಡುತ್ತದೆ; ತಗ್ಗು ಮೋಡದ ತುದಿ ಅಷ್ಟು ತಣ್ಣಗಿರುವುದಿಲ್ಲ. ಒಂದು ಹಳ್ಳಿಯ ಒಂದು ದಿನದ ಮಳೆಗೆ ತಮ್ಮ ಪಂಚಾಯಿತಿಯ ಮಾಪಕವನ್ನೇ ನಂಬಿ.

ಉತ್ತರ 3: ಹೊಳಲ್ಕೆರೆ ರೈತ

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 204.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಅತ್ಯಂತ ಭಾರಿ ಮಳೆ. ಆಗುಂಬೆ ಅದನ್ನು ತಾಳಿಕೊಳ್ಳುತ್ತದೆ. ಇಲ್ಲಿ ಅದರ ಅರ್ಧದಷ್ಟು ಒಂದೇ ದಿನ ಸುರಿದರೂ ಎರೆಹೊಲದ ಈರುಳ್ಳಿ ಕೊಳೆಯುತ್ತದೆ. ಆದ್ದರಿಂದ ಆಯಾ ಊರಿನ ಹಳೆಯ ದಾಖಲೆಗೆ ಹೋಲಿಸಿ ವಿಪರೀತ ಯಾವುದೆಂದು ನಿರ್ಧರಿಸುವ ವಿಧಾನವೇ ಬಯಲುಸೀಮೆಗೆ ನ್ಯಾಯವಾದುದೆಂದು ನನ್ನ ಅಭಿಪ್ರಾಯ.

ಚಳ್ಳಕೆರೆ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ರೋಹಿಣಿಯಿಂದ ಚಿತ್ತಾ ಮಳೆಯವರೆಗಿನ ಪಂಚಾಯಿತಿ ಅಂಕಿಗಳನ್ನು ಮಕ್ಕಳಿಂದ ಬರೆಯಿಸಿ, ಪಕ್ಕದಲ್ಲಿ ಉಪಗ್ರಹದ ಅಂದಾಜನ್ನೂ ನಮೂದಿಸಲು ಈ ವಾರವೇ ಆರಂಭಿಸುತ್ತೇವೆ.